ಅಳೆದದ್ದೆಲ್ಲ ತೂಗುವುದಿಲ್ಲ

ಚಾರ್‌ಮಿನಾರಿನ ಸುತ್ತಲ ಅತ್ತರಿನ ಅಂಗಡಿಗಳಲ್ಲಿ ಇವತ್ತಿಗೂ ಮಾತು ನಡೆಯುವುದು ತೊಲದ ಲೆಕ್ಕದಲ್ಲೇ. ಗಿರಾಕಿ ‘ಒಂದು ತೊಲ’ ಅಂದರೆ ಅಂಗಡಿಯವರು ತಕ್ಕಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಸಣ್ಣದೊಂದು ಗಾಜಿನ ಶೀಶೆ ತೆಗೆದು, ಕುತ್ತಿಗೆಯವರೆಗೆ ತುಂಬಿ, ಮುಚ್ಚಳ ಒತ್ತಿ ಕೈಗಿಡುತ್ತಾರೆ. ಆ ಶೀಶೆ ಹಿಡಿಯುವುದು 12 ಮಿಲಿಲೀಟರು. ತೊಲವೆಂದರೆ ತೂಕದ ಹೆಸರು, 11.66 ಗ್ರಾಂ, ಬಂಗಾರಕ್ಕೂ ಅದೇ ತೊಲ. ಶೀಶೆ ಅಳೆಯುವುದು ಜಾಗವನ್ನು. ಹಾಗಾದರೆ ತೂಕ ಕೇಳಿದವನಿಗೆ ಜಾಗ ಅಳೆದು ಕೊಟ್ಟಂತಾಯಿತಲ್ಲ, ಇದು ಸರಿಯೇ?

ಗಂಧದೆಣ್ಣೆಯ ಮಟ್ಟಿಗೆ ಸರಿ. ಒಂದು ಮಿಲಿಲೀಟರು ಶ್ರೀಗಂಧದ ಎಣ್ಣೆ ಸುಮಾರು 0.97 ಗ್ರಾಂ ತೂಗುತ್ತದೆ. ಅದನ್ನು 12ರಿಂದ ಗುಣಿಸಿದರೆ 11.64. ಗಂಧದೆಣ್ಣೆಯನ್ನೇ ತಳವಾಗಿಟ್ಟು ಇಳಿಸಿದ ಅತ್ತರಾದರೆ ಶೀಶೆಗೂ ತೊಲಕ್ಕೂ ಕೂದಲೆಳೆಯ ವ್ಯತ್ಯಾಸವಷ್ಟೆ. ಆದರೆ ಅದೇ ಶೀಶೆಗೆ ಹಗುರಾದ ಪ್ಯಾರಾಫಿನ್ ಎಣ್ಣೆಯ ತಳವಿರುವ ಅಗ್ಗದ ಅತ್ತರು ತುಂಬಿದರೆ ಒಳಗಿರುವುದು ಹೆಚ್ಚುಕಡಿಮೆ 10 ಗ್ರಾಂ. ಶೀಶೆ ಬದಲಾಗಿಲ್ಲ, ತುಂಬಿದ ಮಟ್ಟ ಬದಲಾಗಿಲ್ಲ, ‘ತೊಲ’ ಎಂಬ ಮಾತೂ ಬದಲಾಗಿಲ್ಲ. ಒಂದೂವರೆ ಗ್ರಾಂ ಮಾತ್ರ ಎಲ್ಲೋ ಸೋರಿಹೋಗಿದೆ.

ಅತ್ತರಿನಲ್ಲಿ ಇದರಿಂದ ಪ್ರಾಣಹಾನಿಯೇನೂ ಇಲ್ಲ. ಆದರೆ ಇದೇ ಗೋಜಲು ಈಗ ಶಿಯಾ ಎಂಬ ಆಫ್ರಿಕದ ಬೀಜದ ಬೆಣ್ಣೆಯ ಡಬ್ಬಿಯೊಳಗೆ ಕೂತು ಮನೆಗಳಿಗೆ ಬಂದಿದೆ. ಮನೆಯಲ್ಲೇ ಮುಲಾಮು, ತುಟಿಗೆ ಹಚ್ಚುವ ಬಾಮು, ಸಾಬೂನು ಮಾಡುವ ಹವ್ಯಾಸ ಹಬ್ಬಿದೆ. ಅವುಗಳ ವಿಧಾನಗಳೆಲ್ಲ ‘ಒಂದು ಕಪ್ ಶಿಯಾ, ಅರ್ಧ ಕಪ್ ಎಣ್ಣೆ’ ಎಂಬ ಭಾಷೆಯಲ್ಲಿವೆ. ಡಬ್ಬಿಯ ಮೇಲೆ ಇರುವುದು ಗ್ರಾಂ. ಕಪ್ಪಿನಿಂದ ಗ್ರಾಮಿಗೆ ಹೋಗುವ ದಾರಿ ಯಾವುದು, ಅದರಲ್ಲಿ ಎಲ್ಲೆಲ್ಲಿ ಎಡವುತ್ತೇವೆ ಅನ್ನುವುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಒಂದೇ ಕಪ್ಪು, ಎರಡು ಮುಲಾಮು

ಹೈದರಾಬಾದಿನ ನಮ್ಮ ಕಾಚಿಗುಡದ ಓಣಿಯಲ್ಲಿ ಬೀದರ ಕಡೆಯ ಹೆಣ್ಣುಮಗಳೊಬ್ಬಳಿದ್ದಾಳೆ. ಚಳಿಗಾಲ ಬಂದರೆ ಹಿಮ್ಮಡಿ ಒಡಕಿಗೆಂದು ಮುಲಾಮು ಮಾಡಿ ಬಂಧುಬಳಗಕ್ಕೆ ಹಂಚುವುದು ಅವಳ ರೂಢಿ. ಡಿಸೆಂಬರಿನಲ್ಲಿ ಮಾಡಿದ್ದು ಎಣ್ಣೆ ಎಣ್ಣೆಯಾಗಿ ಡಬ್ಬಿಯಲ್ಲಿ ನಿಲ್ಲಲೇ ಇಲ್ಲ. ಮುಂದಿನ ಸಲ ಮಾಡಿದ್ದು ಮೇಣದಂತೆ ಬಿಗಿದು, ಉಗುರಿನಿಂದ ಕೆರೆದರೂ ಬರಲೊಲ್ಲದು. ಎರಡೂ ಡಬ್ಬಿ ಹಿಡಿದುಕೊಂಡು ಬಂದಳು.

“ಅಕ್ಕೋರ, ಅಂಗಡಿಯಾಂವ ಏನರ ಬೆರಕಿ ಮಾಡ್ಯಾನ ನೋಡ್ರಿ. ನಾ ಎಲ್ಲಾ ಹಂಗೇ ಹಾಕೀನಿ. ಕಪ್ಪೂ ಅದೇ ಅದ, ಎಣ್ಣಿನೂ ಅದೇ ಅದ.”

“ಮೊದಲನೇ ಸಲ ಶಿಯಾ ಹೆಂಗ ಅಳದಿ?”

“ಚಮಚಾದಿಂದ ಕೆತ್ತಿ ಕೆತ್ತಿ ಕಪ್ಪಿಗೆ ತುಂಬಿದ್ನಿರಿ.”

“ಎರಡನೇ ಸಲ?”

“ಕೈ ನೋಯಾಕತ್ತಿತ್ತು. ಮೊದಲ ಕರಗಿಸಿದ್ನಿ, ಆಮ್ಯಾಲ ಅಳದ್ನಿ.”

ಬೆರಕೆ ಎಲ್ಲಿದೆ ಎಂಬುದು ಅಲ್ಲಿಗೇ ತಿಳಿಯಿತು. ಮೊದಲ ಸಲದ ಕಪ್ಪಿನಲ್ಲಿ ಶಿಯಾ ಜೊತೆಗೆ ಗಾಳಿಯೂ ಇತ್ತು.

ಮಾತಿನಿಂದ ಒಪ್ಪಿಸುವುದಕ್ಕಿಂತ ಮಾಡಿ ತೋರಿಸುವುದು ಮೇಲೆಂದು ಅವಳ ಕಪ್ಪನ್ನೇ ತರಿಸಿ ತಕ್ಕಡಿಯ ಮೇಲಿಟ್ಟೆ. 240 ಮಿಲಿಲೀಟರಿನ ಕಪ್ಪು. ಗಟ್ಟಿ ಶಿಯಾವನ್ನು ಅವಳೇ ಡಿಸೆಂಬರಿನಲ್ಲಿ ಮಾಡಿದಂತೆ ಕೆತ್ತಿ ತುಂಬಿದಳು. ಮೇಲಿನಿಂದ ನೋಡಿದರೆ ಕಪ್ಪು ತುಂಬಿ ತುಳುಕುವಂತಿತ್ತು. ಪಕ್ಕಕ್ಕೆ ಹಿಡಿದು ನೋಡಿದರೆ ಉಂಡೆ ಉಂಡೆಗಳ ನಡುವೆ ಸಂದುಗಳು. ಜಲ್ಲಿ ರಾಶಿಯ ಹಾಗೆ. ತೂಕ 158 ಗ್ರಾಂ. ಅದನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ ಮತ್ತೆ ಅದೇ ಕಪ್ಪಿಗೆ ಸುರಿದೆವು. ಮಟ್ಟ ಮುಕ್ಕಾಲಿನ ಗೆರೆಗೂ ಬರಲಿಲ್ಲ. ತಕ್ಕಡಿ ಮಾತ್ರ ಅದೇ 158 ತೋರಿಸುತ್ತಿತ್ತು. ಕಾಲು ಕಪ್ಪಿನಷ್ಟು ಗಾಳಿಯನ್ನು ಅವಳು ಡಿಸೆಂಬರಿನಲ್ಲಿ ಶಿಯಾ ಎಂದು ಎಣಿಸಿದ್ದಳು.

ಈಗ ಲೆಕ್ಕ ಹಾಕಿ. ಅರ್ಧ ಕಪ್ ಎಳ್ಳೆಣ್ಣೆಯೆಂದರೆ ಹತ್ತಿರ ಹತ್ತಿರ 110 ಗ್ರಾಂ. ಮೊದಲ ಸಲ 158 ಗ್ರಾಂ ಶಿಯಾಗೆ 110 ಗ್ರಾಂ ಎಣ್ಣೆ. ನೂರಕ್ಕೆ 59 ಪಾಲು ಶಿಯಾ. ಎರಡನೇ ಸಲ ಕರಗಿದ ಶಿಯಾ ಕಪ್ಪು ತುಂಬ ಹಿಡಿದದ್ದು ಸುಮಾರು 216 ಗ್ರಾಂ. ನೂರಕ್ಕೆ 66 ಪಾಲು. ಒಂದು ಜಾರುತ್ತದೆ, ಇನ್ನೊಂದು ಬಿಗಿಯುತ್ತದೆ. ಅಂಗಡಿಯವನ ಮೇಲೆ ಹೊರಿಸಿದ ಅಪವಾದವನ್ನು ಅವಳು ಅಲ್ಲಿಯೇ ವಾಪಸು ತೆಗೆದುಕೊಂಡಳು.

ಶಿಯಾ ಎಂಬ ದೂರದ ನೆಂಟ

ಪಶ್ಚಿಮ ಆಫ್ರಿಕದ ಹುಲ್ಲುಬಯಲಿನಲ್ಲಿ, ಘಾನಾ, ಬುರ್ಕಿನಾ ಫಾಸೊ, ಮಾಲಿ, ನೈಜೀರಿಯಗಳಲ್ಲಿ ಬೆಳೆಯುವ ಒಂದು ಮರದ ಬೀಜದ ಕೊಬ್ಬು ಈ ಶಿಯಾ. ಅಲ್ಲಿನ ಹೆಂಗಸರು ಬೀಜ ಒಡೆದು, ಹುರಿದು, ಅರೆದು, ನೀರು ಬೆರೆಸಿ ಕೈಯಿಂದ ನಾದಿ ನಾದಿ ಬೆಣ್ಣೆ ತೇಲಿಸುತ್ತಾರೆ. ಹೆಸರು ಹೊಸದಾದರೂ ಕುಲ ನಮಗೆ ಹೊಸದಲ್ಲ. ನಮ್ಮ ಹಿಪ್ಪೆ ಮರವೂ ಶಿಯಾವೂ ಒಂದೇ ಸಸ್ಯಕುಟುಂಬದವು. ತೆಲಂಗಾಣದ ಕಾಡುಗಳಲ್ಲಿ ಇಪ್ಪ ಎಂದು ಕರೆಸಿಕೊಳ್ಳುವ ಆ ಮರದ ಬೀಜದೆಣ್ಣೆಯೂ ಚಳಿಗೆ ಹೆಪ್ಪುಗಟ್ಟುತ್ತದೆ. ಇನ್ನು ಉತ್ತರ ಕನ್ನಡ, ಮಲೆನಾಡಿನವರಿಗೆ ಮುರುಗಲ ತುಪ್ಪ ಗೊತ್ತೇ ಇದೆ. ಕಾಲೊಡಕಿಗೆ ಅಜ್ಜಿಯರು ಹಚ್ಚುತ್ತಿದ್ದದ್ದು ಅದನ್ನೇ. ಯುರೋಪಿನ ಒಕ್ಕೂಟ 2000ನೇ ಇಸವಿಯಲ್ಲಿ ಚಾಕೊಲೇಟಿಗೆ ನೂರಕ್ಕೆ 5ರ ಮಿತಿಯಲ್ಲಿ ಬೆರೆಸಬಹುದಾದ ಆರು ಸಸ್ಯಕೊಬ್ಬುಗಳ ಪಟ್ಟಿ ಮಾಡಿದಾಗ ಅದರಲ್ಲಿ ಶಿಯಾ, ಮುರುಗಲು ಎರಡೂ ಅಕ್ಕಪಕ್ಕ ಕೂತಿದ್ದವು.

ಇವೆಲ್ಲ ನಡುಜಾತಿಯ ವಸ್ತುಗಳು: ಎಣ್ಣೆಯ ಹಾಗೆ ಸದಾ ಹರಿಯುವುದೂ ಇಲ್ಲ, ಮೇಣದ ಹಾಗೆ ಸದಾ ಗಟ್ಟಿಯಾಗಿ ಇರುವುದೂ ಇಲ್ಲ. ಶಿಯಾ ಕರಗಲು ಶುರುವಾಗುವುದು 32 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಪೂರ್ತಿ ಕರಗಲು 45ರವರೆಗೂ ಬೇಕಾದೀತು. ಹೈದರಾಬಾದಿನ ಮೇ ತಿಂಗಳಲ್ಲಿ ಉಷ್ಣತೆ 40 ದಾಟುತ್ತದೆ. ಡಿಸೆಂಬರಿನಲ್ಲಿ ಕಲ್ಲಿನಂತಿದ್ದ ಡಬ್ಬಿಯನ್ನು ಮೇನಲ್ಲಿ ಅಲುಗಿಸಿದರೆ ಒಳಗೆ ಸಳಸಳ ಸದ್ದು. ಅಳತೆಯ ಕಪ್ಪಿಗೆ ಇದು ದೊಡ್ಡ ತಲೆನೋವು. ತಕ್ಕಡಿಗೆ ಏನೂ ಅಲ್ಲ. 200 ಗ್ರಾಂ ಶಿಯಾ ಹೆಪ್ಪುಗಟ್ಟಿದರೂ 200 ಗ್ರಾಂ, ಕರಗಿದರೂ 200 ಗ್ರಾಂ.

ಕಪ್ಪು ಹೇಳುವುದೇನು, ತಕ್ಕಡಿ ಹೇಳುವುದೇನು

ಕಪ್ಪು, ಲೋಟ, ಚಮಚ, ಪಾವು ಇವೆಲ್ಲ ಹೇಳುವುದು ಒಂದೇ ಮಾತು: ವಸ್ತು ಎಷ್ಟು ಜಾಗ ಹಿಡಿದಿದೆ. ತಕ್ಕಡಿ ಹೇಳುವುದು ಬೇರೆ ಮಾತು: ವಸ್ತು ಎಷ್ಟಿದೆ. ಎರಡರ ನಡುವಿನ ಸೇತುವೆಗೆ ಸಾಂದ್ರತೆ ಎಂದು ಹೆಸರು. ಶಾಲೆಯಲ್ಲಿ ಕೇಳಿ ಮರೆತ ಪದ, ಹೆದರಬೇಕಾಗಿಲ್ಲ. ಒಂದು ಮಿಲಿಲೀಟರು ವಸ್ತು ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಸಾಂದ್ರತೆ.

ನೀರಿಗೆ ಅದು 1. ಆದ್ದರಿಂದ 100 ಮಿಲಿಲೀಟರು ನೀರು 100 ಗ್ರಾಂ. ಎಣ್ಣೆ ನೀರಿನ ಮೇಲೆ ತೇಲುವುದನ್ನು ದೀಪ ಹಚ್ಚುವವರೆಲ್ಲ ಕಂಡಿದ್ದೇವೆ. ಅಂದಮೇಲೆ ಅದರ ಸಾಂದ್ರತೆ 1ಕ್ಕಿಂತ ಕಡಿಮೆ ಇರಲೇಬೇಕು. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಸುಮಾರು 0.92, ತುಪ್ಪ 0.91, ಅಂಟಂಟಾದ ಹರಳೆಣ್ಣೆ 0.96. ಕರಗಿದ ಶಿಯಾ ಸುಮಾರು 0.90. ಅತ್ತ ಕಡೆ ಗ್ಲಿಸರಿನ್ 1.26, ಜೇನುತುಪ್ಪ 1.4ರ ಮೇಲೆ. ನೀರಿಗೆ ಬಿಟ್ಟ ಜೇನು ದಾರದಂತೆ ತಳಕ್ಕಿಳಿಯುವುದು ಅದಕ್ಕೇ.

ಹಾಗಾಗಿ ಕರಗಿದ ಶಿಯಾಗೆ ಸೂತ್ರ ಸುಲಭ: ಮಿಲಿಲೀಟರಿನಿಂದ ಹತ್ತನೇ ಒಂದು ಪಾಲು ಕಳೆಯಿರಿ, ಉಳಿದದ್ದು ಗ್ರಾಂ. 100 ಮಿಲಿಲೀಟರಿಗೆ 90 ಗ್ರಾಂ. 5 ಮಿಲಿಲೀಟರಿನ ಸಣ್ಣ ಚಮಚಕ್ಕೆ ನಾಲ್ಕೂವರೆ, 15ರ ದೊಡ್ಡ ಚಮಚಕ್ಕೆ ಹದಿಮೂರೂವರೆ, 240ರ ಕಪ್ಪಿಗೆ 216. ತಿರುಗಿ ಹೋಗುವುದಾದರೆ ಗ್ರಾಮನ್ನು 0.9ರಿಂದ ಭಾಗಿಸಬೇಕು. 200 ಗ್ರಾಮಿನ ಡಬ್ಬಿ ಪೂರ್ತಿ ಕರಗಿಸಿದರೆ ಸುಮಾರು 222 ಮಿಲಿಲೀಟರು. ಒಂದು ಕಪ್ಪೂ ತುಂಬದು. ‘ಒಂದು ಕಪ್’ ಕೇಳುವ ವಿಧಾನಕ್ಕೆ ಒಂದು ಡಬ್ಬಿ ತಂದವರು ಕೊನೆಗೆ ಡಬ್ಬಿಯ ತಳ ಕೆರೆಯುವುದು ಈ ಕಾರಣಕ್ಕೆ.

ಇಷ್ಟೇ ಆಗಿದ್ದರೆ ಈ ಲೇಖನ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಈ 0.9 ಎಂಬ ಅಂಕಿಗೆ ಒಂದು ಷರತ್ತಿದೆ: ಶಿಯಾ ಕರಗಿರಬೇಕು. ಕೆತ್ತಿದ ಉಂಡೆಗಳಿಗೆ ಅದು ಸಲ್ಲದು ಎಂಬುದನ್ನು ಕಂಡೆವು. ಎಷ್ಟು ಒತ್ತಿದಿರಿ, ಎಷ್ಟು ದಪ್ಪಕ್ಕೆ ಕೆತ್ತಿದಿರಿ ಎಂಬುದರ ಮೇಲೆ ಕಪ್ಪೊಂದರ ತೂಕ 150ಕ್ಕೂ ಇಳಿದೀತು, 200ಕ್ಕೂ ಏರೀತು. ನೊರೆ ಬರುವಂತೆ ಕಡೆದ ಶಿಯಾ ಇನ್ನೂ ಮೋಸಗಾರ. ಬೀಸುವ ಯಂತ್ರದಲ್ಲಿ ಕಡೆದಾಗ ಗಾಳಿ ಹೊಕ್ಕು ಒಂದು ಕಪ್ಪಿನದು ಒಂದೂವರೆ, ಎರಡು ಕಪ್ಪಿನಷ್ಟಾಗಿ ಉಬ್ಬುತ್ತದೆ. ಆಗ ಕಪ್ಪೊಂದರಲ್ಲಿ ಉಳಿಯುವುದು 110ರಿಂದ 145 ಗ್ರಾಂ.

ಇದೇ ತಂತ್ರವನ್ನು ನಾವು ಐಸ್‌ಕ್ರೀಮಿನಲ್ಲಿ ದಿನಾ ತಿನ್ನುತ್ತೇವೆ. ಅದನ್ನು ಲೀಟರಿನ ಲೆಕ್ಕದಲ್ಲಿ ಮಾರುತ್ತಾರೆ; ಅದರಲ್ಲಿ ಗಾಳಿ ಇರಲೇಬೇಕು, ಇಲ್ಲದಿದ್ದರೆ ಅದು ಮಂಜಿನ ಗಡ್ಡೆಯಾದೀತು. ಆದರೆ ಗಾಳಿಗೂ ಒಂದು ಮಿತಿ ಬೇಕೆಂದು ದೇಶದ ಆಹಾರ ಸುರಕ್ಷತಾ ನಿಯಮಗಳು ಲೀಟರು ಐಸ್‌ಕ್ರೀಮು ಕನಿಷ್ಠ 525 ಗ್ರಾಂ ತೂಗಬೇಕು ಎಂದು ಗೊತ್ತುಮಾಡಿವೆ. ಜಾಗದ ಅಳತೆಗೆ ತೂಕದ ಕಾವಲು ಇಟ್ಟಂತೆ.

ಯಾರ ಕಪ್ಪು?

ಎರಡನೇ ಗೋಜಲು ಕಪ್ಪಿನದೇ. ಅಮೆರಿಕದ ಕಪ್ಪು 240 ಮಿಲಿಲೀಟರಿನ ಆಸುಪಾಸು, ಆಸ್ಟ್ರೇಲಿಯದ್ದು 250, ಇಂಗ್ಲೆಂಡಿನ ಹಳೆಯ ಪುಸ್ತಕಗಳದ್ದು 284. ದೊಡ್ಡ ಚಮಚ ನಮ್ಮಲ್ಲಿ 15 ಮಿಲಿಲೀಟರಾದರೆ ಆಸ್ಟ್ರೇಲಿಯದಲ್ಲಿ 20. ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಬೀಳಿಸುವುದು ಔನ್ಸು. ಅದರಲ್ಲಿ ಎರಡು ಬಗೆ: ತೂಕದ ಔನ್ಸು 28.35 ಗ್ರಾಂ, ದ್ರವದ ಔನ್ಸು, ಅಮೆರಿಕದ ಲೆಕ್ಕದಲ್ಲಿ, 29.57 ಮಿಲಿಲೀಟರು. ‘8 ಔನ್ಸ್ ಶಿಯಾ’ ಅಂದರೆ ತೂಕವಾದರೆ 227 ಗ್ರಾಂ. ಅದನ್ನೇ ದ್ರವದ ಔನ್ಸೆಂದು ತಿಳಿದು ಕರಗಿಸಿ ಅಳೆದರೆ ಕೈಗೆ ಬರುವುದು 213. ಹೆಸರೊಂದೇ ಎಂದು ನಂಬಿದ್ದಕ್ಕೆ ತೆತ್ತ ದಂಡ 14 ಗ್ರಾಂ.

ನಗುವ ಮೊದಲು ನಮ್ಮ ಸೇರನ್ನು ನೆನೆಸಿಕೊಳ್ಳಬೇಕು. ತೂಕದ ಸೇರು 80 ತೊಲ, ಅಂದರೆ 933 ಗ್ರಾಂ. ಅದೇ ಹೆಸರಿನ ಇನ್ನೊಂದು ಸೇರು ಅಕ್ಕಿ, ಜೋಳ, ರಾಗಿ ಅಳೆಯುವ ಪಾತ್ರೆ. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ಊರು ದಾಟಿದರೆ ಸೇರೂ ಬದಲು. ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ವ್ಯಾಪಾರಿಗೆ ಮರ್ಯಾದೆಯಿಲ್ಲ. ಬೀದರ, ಕಲಬುರಗಿ, ರಾಯಚೂರುಗಳು ನಿಜಾಮರ ಸಂಸ್ಥಾನದ ಅಳತೆಯಲ್ಲಿ ಬೆಳೆದವು; 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು, ಹೈದರಾಬಾದು ಆಂಧ್ರಕ್ಕೆ. ಅದೇ ವರ್ಷ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ, ಲೀಟರುಗಳು ಅಂಗಡಿಗೆ ಇಳಿದವು. ಅಂಗಡಿಗೆ ಇಳಿದರೂ ನಾಲಗೆಗೆ ಪೂರ್ತಿ ಇಳಿಯಲಿಲ್ಲ. ಬೇಗಂ ಬಜಾರಿನಲ್ಲಿ ಈಗಲೂ ಕೇಳುವ ‘ಪಾವ್ ಕಿಲೋ’ ಎಂಬ ಮಾತನ್ನೇ ನೋಡಿ: ಹಳೆಯ ಪಾವು, ಹೊಸ ಕಿಲೋ, ಇಬ್ಬರನ್ನೂ ಒಂದೇ ಚೀಲದಲ್ಲಿ ಕಟ್ಟಿ ಕೊಡುತ್ತದೆ. 250 ಗ್ರಾಂ ಎಂಬುದರಲ್ಲಿ ಮಾತ್ರ ಯಾರಿಗೂ ಸಂಶಯವಿಲ್ಲ.

ಹಾಗಾದರೆ ನಿಮ್ಮ ಮನೆಯ ಕಪ್ಪು ಎಷ್ಟರದು? ಕಂಡುಹಿಡಿಯಲು ಒಂದು ನಿಮಿಷ ಸಾಕು. ಖಾಲಿ ಕಪ್ಪನ್ನು ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡುವ ಗುಂಡಿ ಒತ್ತಿ, ಅಂಚಿನವರೆಗೆ ನೀರು ತುಂಬಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಕಪ್ಪು ಅಷ್ಟು ಮಿಲಿಲೀಟರಿನದು. ನಮ್ಮ ಮನೆಯ ಸ್ಟೀಲಿನ ಬಟ್ಟಲು ಹೀಗೆ ತೂಗಿದಾಗ 180 ಬಂತು. ಚಹಾದ ಲೋಟ 150. ‘ಕಪ್’ ಎಂದು ಓದಿ ಈ ಬಟ್ಟಲು ಎತ್ತಿಕೊಂಡಿದ್ದರೆ ಶುರುವಿನಲ್ಲೇ ಕಾಲು ಪಾಲು ಹೋಗಿರುತ್ತಿತ್ತು.

ಬಿಸಿಲಿಗೆ ಹಿಗ್ಗುವ ಎಣ್ಣೆ

ಮೂರನೆಯದು ಉಷ್ಣತೆ. ಕಾದ ಎಣ್ಣೆ ಹಿಗ್ಗುತ್ತದೆ. ಹಿಗ್ಗಿದಾಗ ಅದೇ ಜಾಗದಲ್ಲಿ ಕಡಿಮೆ ವಸ್ತು ಹಿಡಿಯುತ್ತದೆ. ಇದು ಪುಸ್ತಕದ ಮಾತೆಂದು ತಳ್ಳಿಹಾಕುವಂತಿಲ್ಲ, ಕೇಂದ್ರ ಸರ್ಕಾರವೇ ಇದರ ಬೆನ್ನುಹತ್ತಬೇಕಾಯಿತು. ಅಡುಗೆ ಎಣ್ಣೆಯ ಕೆಲವು ಪ್ಯಾಕೇಟುಗಳ ಮೇಲೆ ‘ಇಷ್ಟು ಲೀಟರು, ಇಷ್ಟು ಡಿಗ್ರಿಯಲ್ಲಿ’ ಎಂದು ಅಚ್ಚಾಗುತ್ತಿತ್ತು. ಆ ಡಿಗ್ರಿ ಕೆಲವೊಮ್ಮೆ 60ರವರೆಗೂ ಹೋಗುತ್ತಿತ್ತು. ಒಂದು ಲೀಟರು ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಸುಮಾರು 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ. ಲೀಟರೆಂಬ ಮಾತು ಸುಳ್ಳಾಗದೆ 26 ಗ್ರಾಂ ಮಾಯ. 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣತೆಯ ಉಲ್ಲೇಖ ಬಿಟ್ಟು ಲೀಟರಿನ ಜೊತೆಗೆ ತೂಕವನ್ನೂ ಅಚ್ಚುಹಾಕಿ ಎಂದು ತಯಾರಕರಿಗೆ ಹೇಳಿತು. ತಿದ್ದಿಕೊಳ್ಳಲು 2023ರ ಜನವರಿ 15ರವರೆಗೆ ಗಡುವು ಕೊಟ್ಟಿತು. ಇವತ್ತು ಒಂದು ಲೀಟರಿನ ಪ್ಯಾಕೇಟು ತಿರುಗಿಸಿದರೆ ಪಕ್ಕದಲ್ಲೇ 910 ಗ್ರಾಂ ಎಂದೋ ಅದರ ಆಸುಪಾಸಿನದೋ ಅಂಕಿ ಕಾಣುತ್ತದೆ.

ಶಿಯಾಕ್ಕೂ ಇದೇ ನಿಯಮ. ಆಗತಾನೆ ಒಲೆಯಿಂದ ಇಳಿಸಿದ್ದನ್ನು ಅಳೆಯುವುದಕ್ಕೂ ಬೆಚ್ಚಗಾದ ಮೇಲೆ ಅಳೆಯುವುದಕ್ಕೂ ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸ ಬರುತ್ತದೆ. ಮುಲಾಮಿಗೆ ಇದು ಲೆಕ್ಕಕ್ಕಿಲ್ಲ. ಉಂಡೆಗಳ ನಡುವಿನ ಗಾಳಿ ತಂದ ಕಾಲು ಪಾಲಿನ ನಷ್ಟದ ಮುಂದೆ ಇದು ಉಪ್ಪಿನ ಕಣ. ಎಲ್ಲ ತಪ್ಪೂ ಒಂದೇ ತೂಕದವಲ್ಲ. ಯಾವುದಕ್ಕೆ ತಲೆಕೆಡಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂದು ತಿಳಿಯುವುದೂ ಅಳತೆಯ ಪಾಠವೇ.

ಕೊಳ್ಳುವಾಗಲೂ ಇದು ನೆನಪಿರಲಿ. ಪ್ಯಾಕೇಟು ಸಾಮಗ್ರಿಗಳಿಗಾಗಿ 2011ರಲ್ಲಿ ಬಂದ ನಿಯಮಗಳ ಸಾಮಾನ್ಯ ಸೂತ್ರ ಹೀಗಿದೆ: ಗಟ್ಟಿ, ಅರೆಗಟ್ಟಿ, ಅಂಟು ಪದಾರ್ಥಗಳನ್ನು ತೂಕದಲ್ಲಿ ತೋರಿಸಬೇಕು, ದ್ರವಗಳನ್ನು ಮಿಲಿಲೀಟರಿನಲ್ಲಿ. ಎರಡು ಡಬ್ಬಿ ಎದುರಿಗಿದ್ದರೆ ಡಬ್ಬಿಯ ಗಾತ್ರ ನೋಡಿ ಮರುಳಾಗಬೇಡಿ. ಕಡೆದು ಉಬ್ಬಿಸಿದ ಶಿಯಾ ದೊಡ್ಡ ಡಬ್ಬಿಯಲ್ಲಿ ಕಡಿಮೆ ಇರುತ್ತದೆ. ಗ್ರಾಂ ನೋಡಿ, ಬೆಲೆಯನ್ನು ಗ್ರಾಮಿನಿಂದ ಭಾಗಿಸಿ.

ಸಾಬೂನಿನಲ್ಲಿ ಸಲಿಗೆ ಇಲ್ಲ

ಕಾಲಿಗೆ ಹಚ್ಚುವ ಮುಲಾಮು ತುಸು ಮೆತ್ತಗಾದರೆ ನಷ್ಟವೇನಿಲ್ಲ, ಮತ್ತೆ ಕರಗಿಸಿ ಸರಿಮಾಡಬಹುದು. ಸಾಬೂನಿನ ಮಾತು ಬೇರೆ. ಕೊಬ್ಬು ಮತ್ತು ಕಾಸ್ಟಿಕ್ ಸೋಡ ಕೂಡಿ ಸಾಬೂನಾಗುತ್ತದೆ. ಯಾವ ಕೊಬ್ಬಿಗೆ ಎಷ್ಟು ಸೋಡ ಎಂಬುದು ರಸಾಯನದ ಲೆಕ್ಕ, ಕಣ್ಣಂದಾಜಿನದಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದ ಕಾಲದಿಂದ ಇವತ್ತಿನವರೆಗೆ ಆ ಲೆಕ್ಕ ಬದಲಾಗಿಲ್ಲ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ ಸೋಡ ಬೇಕು. ಒಂದು ಗ್ರಾಂ ಶಿಯಾಕ್ಕೆ ಸುಮಾರು 0.128 ಸಾಕು. ಗಮನಿಸಿ, ಮಾತು ಗ್ರಾಮಿನದೇ. ಚಮಚದ ಸುದ್ದಿಯೇ ಇಲ್ಲ.

ಒಂದು ಉದಾಹರಣೆ. 300 ಗ್ರಾಂ ಕೊಬ್ಬರಿ ಎಣ್ಣೆ, 200 ಗ್ರಾಂ ಶಿಯಾ. ಮೊದಲನೆಯದಕ್ಕೆ 54.9 ಗ್ರಾಂ ಸೋಡ, ಎರಡನೆಯದಕ್ಕೆ 25.6, ಒಟ್ಟು 80.5. ಚರ್ಮಕ್ಕೆ ಉರಿಯಬಾರದೆಂದು ಜಾಣರು ನೂರಕ್ಕೆ 5ರಷ್ಟು ಸೋಡ ಕಡಿಮೆ ಹಾಕಿ ಸ್ವಲ್ಪ ಕೊಬ್ಬನ್ನು ಹಾಗೇ ಉಳಿಸುತ್ತಾರೆ. ಆಗ ಹಾಕುವುದು 76.5 ಗ್ರಾಂ. ಈಗ ನಮ್ಮ ಓಣಿಯ ಹೆಣ್ಣುಮಗಳ ಡಿಸೆಂಬರಿನ ಕಪ್ಪನ್ನು ಇಲ್ಲಿಗೆ ತನ್ನಿ. 200 ಗ್ರಾಂ ಹಾಕಿದೆನೆಂದು ತಿಳಿದು ಗಾಳಿ ಸಮೇತ ಅಳೆದು 150 ಗ್ರಾಂ ಹಾಕಿದಳೆನ್ನಿ. ಆ ಶಿಯಾಕ್ಕೆ ಬೇಕಾದ ಸೋಡ 19.2 ಗ್ರಾಂ ಮಾತ್ರ, ಒಟ್ಟು 74.1. ಪಾತ್ರೆಯಲ್ಲಿ ಬಿದ್ದಿರುವುದು 76.5. ಚರ್ಮದ ರಕ್ಷಣೆಗೆಂದು ಬಿಟ್ಟ ಅಂತರ ಕರಗಿ, ಮೇಲೆ ಎರಡೂಕಾಲು ಗ್ರಾಮಿಗಿಂತ ಹೆಚ್ಚು ಸೋಡ ಸಾಬೂನಿನೊಳಗೆ ಹಾಗೇ ಉಳಿಯಿತು. ಅದು ಕೈ ಉರಿಸುವ ಸಾಬೂನು.

ಸೋಡವನ್ನೇ ಚಮಚದಲ್ಲಿ ಅಳೆಯುವುದು ಇನ್ನೂ ಅಪಾಯ. ಅದು ಹಾಳೆಯಂಥ ಚೂರುಗಳಲ್ಲೂ ಬರುತ್ತದೆ, ಸಾಬೂದಾಣಿಯಂಥ ಮಣಿಗಳಲ್ಲೂ ಬರುತ್ತದೆ. ಒಂದೇ ಚಮಚದಲ್ಲಿ ಎರಡರ ತೂಕ ಬೇರೆ ಬೇರೆ. ಗಾಳಿಯ ತೇವವನ್ನೂ ಅದು ಹೀರುತ್ತದೆ. ಆದ್ದರಿಂದ ಸಾಬೂನಿಗೆ ಕೈ ಹಾಕುವವರು ಕಪ್ಪು, ಚಮಚಗಳನ್ನು ಆ ಕೋಣೆಗೇ ತರಬಾರದು. ಕೈಗವಸು, ಕನ್ನಡಕ ಹಾಕಿಕೊಳ್ಳಬೇಕು. ಸೋಡವನ್ನು ನೀರಿಗೆ ನಿಧಾನವಾಗಿ ಹಾಕಬೇಕೇ ಹೊರತು ಸೋಡದ ಮೇಲೆ ನೀರು ಸುರಿಯಬಾರದು. ಹಾಗೆ ಮಾಡಿದರೆ ಕುದಿದು ಮುಖಕ್ಕೆ ಎರಚೀತು.

ಸುವಾಸನೆಯ ತೈಲಗಳದ್ದೂ ಇದೇ ಕಥೆ, ಸಣ್ಣ ಅಳತೆಯಲ್ಲಿ. ‘20 ಹನಿ’ ಎಂದರೆ ಸುಮಾರು ಒಂದು ಮಿಲಿಲೀಟರು ಎನ್ನುವುದು ರೂಢಿ. ಆದರೆ ಹನಿಯ ಗಾತ್ರ ಶೀಶೆಯ ಬಾಯಿಯ ಮೇಲೆ, ಎಣ್ಣೆಯ ಅಂಟಿನ ಮೇಲೆ ಬದಲಾಗುತ್ತದೆ. 200 ಗ್ರಾಂ ಮುಲಾಮಿಗೆ ನೂರಕ್ಕೆ ಒಂದು ಪಾಲು ಬೇಕಾದರೆ 2 ಗ್ರಾಂ ತೂಗಿ ಹಾಕುವುದೇ ಸರಿ. ಅಡುಗೆಮನೆಯ ತಕ್ಕಡಿ ಇಷ್ಟು ಸಣ್ಣದನ್ನು ನೆಚ್ಚುವಂತೆ ತೋರಿಸದು. ಇದಕ್ಕೆ ಗ್ರಾಮಿನ ಹತ್ತನೇ ಪಾಲು ತೋರಿಸುವ, ಅಕ್ಕಸಾಲಿಗರ ತಕ್ಕಡಿಯಂಥದ್ದು ಬೇಕು.

ನೂರು ಗ್ರಾಮಿನ ಶಿಸ್ತು

ಈ ಶಿಸ್ತನ್ನು ದೊಡ್ಡ ಮಟ್ಟದಲ್ಲಿ ನೋಡಬೇಕಾದರೆ ಹೈದರಾಬಾದಿನಿಂದ ಹೊರಗೆ ಹೋಗಬೇಕಾಗಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ಇಲ್ಲೇ, ತಾರ್ನಾಕದ ಬಳಿ. 1918ರಲ್ಲಿ ಕೂನೂರಿನಲ್ಲಿ ಸಣ್ಣ ಸಂಶೋಧನಾ ಘಟಕವಾಗಿ ಹುಟ್ಟಿ 1958ರಲ್ಲಿ ಈ ಊರಿಗೆ ಬಂದ ಸಂಸ್ಥೆ ಅದು. ಅದು 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ 528 ಆಹಾರವಸ್ತುಗಳಿವೆ. ಬಾಳೆಹಣ್ಣಿರಲಿ, ಬಂಗಡೆ ಮೀನಿರಲಿ, ತುಪ್ಪವಿರಲಿ, ಪ್ರತಿಯೊಂದರ ಲೆಕ್ಕವೂ ತಿನ್ನುವ ಭಾಗದ 100 ಗ್ರಾಮಿಗೆ. ಒಂದು ಬಟ್ಟಲು ಸೊಪ್ಪು ಎಂದಿದ್ದರೆ ಹೆಚ್ಚಿದ ಸೊಪ್ಪೋ, ಇಡೀ ಎಲೆಯೋ, ಬೆಂದು ಕುಗ್ಗಿದ್ದೋ ಎಂದು ಜಗಳ ಹುಟ್ಟುತ್ತಿತ್ತು. 100 ಗ್ರಾಂ ಎಂದಮೇಲೆ ಜಗಳಕ್ಕೆ ಜಾಗವಿಲ್ಲ.

ಹಾಗೆಂದು ಕಪ್ಪನ್ನು ಅಟ್ಟಕ್ಕೆ ಎಸೆಯಬೇಕಾಗಿಲ್ಲ. ಅನ್ನಕ್ಕೆ ‘ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು’ ಎಂಬ ಅಳತೆ ಯಾವತ್ತೂ ಕೈಕೊಟ್ಟಿಲ್ಲ. ಏಕೆಂದರೆ ಅಲ್ಲಿ ಲೋಟ ಎಷ್ಟರದು ಎಂಬುದು ಮುಖ್ಯವೇ ಅಲ್ಲ. ಎರಡಕ್ಕೂ ಅದೇ ಲೋಟ, ಅಕ್ಕಿಯ ಕಾಳು ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ರೀತಿ ಕೂರುತ್ತದೆ. ಹರಿಯುವ ದ್ರವಕ್ಕೆ, ಸಮನಾದ ಕಾಳಿಗೆ ಕಪ್ಪು ಪ್ರಾಮಾಣಿಕ. ಹಿಟ್ಟಿಗೆ ಅರೆಪ್ರಾಮಾಣಿಕ: ಜರಡಿ ಹಿಡಿದ ಮೈದಾ ಕಪ್ಪಿಗೆ 120 ಗ್ರಾಂ ಸುಮಾರು ಬಂದರೆ ಒತ್ತಿ ತುಂಬಿದ್ದು 150 ಮುಟ್ಟೀತು. ಉಂಡೆಗಟ್ಟುವ, ಕರಗುವ, ಉಬ್ಬುವ ಶಿಯಾದಂಥವಕ್ಕೆ ಕಪ್ಪು ನಂಬಿಕೆಗೆ ಅರ್ಹವಲ್ಲ.

ಕಪ್ಪಿನಲ್ಲಿ ಬರೆದ ವಿಧಾನ ಕೈಗೆ ಸಿಕ್ಕರೆ ಮಾಡಬೇಕಾದದ್ದು ಇಷ್ಟು. ಅದು ಯಾವ ದೇಶದ ಕಪ್ಪೆಂದು ನೋಡಿ ಮಿಲಿಲೀಟರಿಗೆ ತನ್ನಿ. ಶಿಯಾ ಕರಗಿಸಿ ಅಳೆಯಬೇಕೋ, ಗಟ್ಟಿಯಾಗಿಯೋ ಎಂದು ಹುಡುಕಿ. ಹೇಳಿಲ್ಲದಿದ್ದರೆ ಕರಗಿದ್ದೆಂದೇ ಹಿಡಿದು 0.9ರಿಂದ ಗುಣಿಸಿ. ಉಳಿದ ಎಣ್ಣೆಗಳನ್ನು ಅವುಗಳ ಸಾಂದ್ರತೆಯಿಂದ ಗುಣಿಸಿ. ಒಮ್ಮೆ ಸ್ವಲ್ಪವೇ ಮಾಡಿ ನೋಡಿ, ಹದ ಸರಿ ಕಂಡಾಗ ಆ ಗ್ರಾಮುಗಳನ್ನು ಬರೆದಿಡಿ. ಲೆಕ್ಕ ಮಾಡುವ ಕೆಲಸ ಒಂದೇ ಸಲ. ಆಮೇಲೆ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಒಂದೊಂದನ್ನೇ ಸುರಿಯುತ್ತ ಹೋದರಾಯಿತು. ತೊಳೆಯಲು ಜಿಡ್ಡು ಹಿಡಿದ ಕಪ್ಪುಗಳೂ ಇರುವುದಿಲ್ಲ.

ಯಾವ ನಿರ್ಧಾರಕ್ಕೂ ಮೊದಲು ‘ಅಳೆದು ತೂಗಿ ನೋಡು’ ಎನ್ನುವುದು ನಮ್ಮ ಹಿರಿಯರ ಮಾತು. ಎರಡು ಕ್ರಿಯಾಪದಗಳನ್ನು ಸುಮ್ಮನೆ ಜೋಡಿಸಿದ್ದಾರೆಂದು ಇಷ್ಟು ದಿನ ತಿಳಿದಿದ್ದೆ. ಸೇರನ್ನೂ ತಕ್ಕಡಿಯನ್ನೂ ಒಂದೇ ಅಂಗಡಿಯಲ್ಲಿ ಕಂಡವರಿಗೆ ಒಂದು ಇನ್ನೊಂದರ ಕೆಲಸ ಮಾಡದು ಎಂಬುದು ಗೊತ್ತಿದ್ದೀತು.

ಮೊನ್ನೆ ನಮ್ಮ ಓಣಿಯ ಹೆಣ್ಣುಮಗಳು ಹೊಸ ಡಬ್ಬಿ ತಂದುಕೊಟ್ಟಳು. ಬೆರಳು ತಾಗಿಸಿದರೆ ತಡೆದು, ಒತ್ತಿದರೆ ಕರಗುವ ಹದ. ಮುಚ್ಚಳದ ಒಳಗೆ ಕಾಗದದ ಚೂರು ಅಂಟಿಸಿದ್ದಳು: ಶಿಯಾ 200, ಎಳ್ಳೆಣ್ಣೆ 110.

“ಕಪ್ಪು ಏನ್ಮಾಡಿದಿ?” ಅಂದೆ.

“ಅಕ್ಕಿ ಡಬ್ಬ್ಯಾಗ ಹಾಕೀನ್ರಿ,” ಅಂದಳು, “ಅಲ್ಲಿ ಅದು ಸುಳ್ಳ ಹೇಳಂಗಿಲ್ಲ.”